ಹನ್ನೊಂದು ಹಂಗಾಮು ಬೀಜ ಪರೀಕ್ಷೆಗೆ ಕೊಟ್ಟವನ ಮಾತು

ನನ್ನದು ಸಣ್ಣ ಬೀಜ ಘಟಕ. ಮುಸುಕಿನ ಜೋಳದ ಹೈಬ್ರಿಡ್, ಭತ್ತ, ಸೋಯಾ, ಇಷ್ಟೇ. ರೈತರ ಹೊಲದಲ್ಲಿ ಬೆಳೆಸಿ, ಒಣಗಿಸಿ, ಜರಡಿ ಹಿಡಿದು, ಚೀಲಕ್ಕೆ ತುಂಬಿ ಮಾರುತ್ತೇವೆ. ಹನ್ನೊಂದು ಹಂಗಾಮಿನಿಂದ ಪರೀಕ್ಷೆ, ಪ್ರಮಾಣೀಕರಣ ಎರಡನ್ನೂ ಹೊರಗಿನವರಿಂದ ಮಾಡಿಸುತ್ತಿದ್ದೇನೆ. ಮೊದಲ ಮೂರು ಹಂಗಾಮು ಒಂದು ಲ್ಯಾಬ್, ಆಮೇಲೆ ಈಗಿನದು. ಎರಡರ ಹೆಸರೂ ಇಲ್ಲಿ ಬೇಡ. ನಾನು ಬರೆಯಹೊರಟಿರುವುದು ಈ ಸೇವೆಯಲ್ಲಿ ನಿಜವಾಗಿ ಏನು ಸಿಗುತ್ತದೆ, ಎಲ್ಲಿ ಕೈ ಕೊಡುತ್ತದೆ ಅನ್ನುವುದನ್ನು.

ನಕ್ಷತ್ರ ಕೊಡಲೇಬೇಕು ಅಂದರೆ ಲ್ಯಾಬ್ ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ. ಹೊಲದ ತಪಾಸಣೆಗೆ ಮೂರು. ಫೋನ್ ಎತ್ತುವುದಕ್ಕೆ ಎರಡು, ಅದೂ ಹಂಗಾಮಿನ ಹೊರಗೆ.

ಮೊದಲ ವರ್ಷದ ದಡ್ಡತನದಿಂದಲೇ ಶುರು ಮಾಡುತ್ತೇನೆ. ಲ್ಯಾಬ್‌ಗೆ ಮಾದರಿ ಕಳಿಸಿ ಅಂದರು. ನಾನು ಗೋದಾಮಿಗೆ ಹೋದೆ, ಬಾಗಿಲ ಹತ್ತಿರವಿದ್ದ ನಾಲ್ಕು ಭತ್ತದ ಚೀಲದ ಬಾಯಿ ಬಿಚ್ಚಿದೆ, ಮೇಲಿನಿಂದ ಬೊಗಸೆ ಬೊಗಸೆ ತೆಗೆದು ಕಳಿಸಿದೆ. ವರದಿ ಚಿನ್ನದಂತೆ ಬಂತು. ಕಳೆ ಬೀಜ ಒಂದೂ ಇಲ್ಲ. ಎರಡು ತಿಂಗಳಿಗೆ ಕೊಂಡವರು ಕೂಗಾಡಿದರು: ಚೀಲದ ತಳದಲ್ಲಿ ಹುಲ್ಲಿನ ಬೀಜ! ಲಾರಿಯಲ್ಲಿ ಕುಲುಕಾಡಿದರೆ ಸಣ್ಣ ಕಾಳು ಸಂದಿಯಲ್ಲಿ ಜಾರಿ ಕೆಳಗೆ ಸೇರುತ್ತದೆ, ದಪ್ಪದ್ದು ಮೇಲೆ ಉಳಿಯುತ್ತದೆ. ಅಡಿಗೆಮನೆಯಲ್ಲಿ ಡಬ್ಬಿ ಅಲ್ಲಾಡಿಸಿದ ಯಾರಿಗಾದರೂ ಗೊತ್ತಿರುವ ವಿಷಯ. ನನಗೆ ಹೊಳೆದಿರಲಿಲ್ಲ.

ಲ್ಯಾಬ್‌ನದು ತಪ್ಪೇನೂ ಇರಲಿಲ್ಲ. ನಾನು ಕೊಟ್ಟ ಹಿಡಿಯನ್ನು ಅವರು ಸರಿಯಾಗಿಯೇ ನೋಡಿದ್ದರು. ಆ ಹಿಡಿ ನನ್ನ ಲಾಟ್, ಅಂದರೆ ಒಂದೇ ಸಂಖ್ಯೆಯಡಿ ಮಾರುವ ಇಡೀ ರಾಶಿ, ಆಗಿರಲಿಲ್ಲ, ಅಷ್ಟೇ. ವರದಿಯ ಅಂಕಿ ನೋಡುವ ಮೊದಲು ಬೀಜ ತೆಗೆದ ಕೈ ಯಾರದು ಅಂತ ಕೇಳುವ ಚಟ ನನಗೆ ಅಂಟಿದ್ದು ಆಗ.

ಎರಡನೇ ವರ್ಷದಿಂದ ಮಾದರಿ ತೆಗೆಯುವುದಕ್ಕೂ ಅವರ ಕಡೆಯವರನ್ನೇ ಕರೆಸುತ್ತೇನೆ. ಅದಕ್ಕೆ ಬೇರೆ ಶುಲ್ಕ. ಮೊದಲ ಸಲ ಬಂದವರು ಕೆಲಸ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಚೂಪು ಮೂತಿಯ ಟೊಳ್ಳು ಕೊಳವೆ, ಮೂತಿಯ ಹತ್ತಿರ ಮೊಟ್ಟೆಯಾಕಾರದ ಕಂಡಿ. ಕಂಡಿ ಕೆಳಮುಖವಾಗಿರುವಂತೆ ಹಿಡಿದು, ಚೀಲದೊಳಕ್ಕೆ ತುಸು ಮೇಲ್ಮುಖವಾಗಿ ಚುಚ್ಚುತ್ತಾರೆ. ಚೀಲದ ನಡುವಿಗೆ ತಲುಪಿದ ಮೇಲೆ ಅರ್ಧ ಸುತ್ತು ತಿರುಗಿಸುತ್ತಾರೆ, ಕಂಡಿ ಮೇಲಾಗುತ್ತದೆ, ಬೀಜ ಒಳಗೆ ಬೀಳತೊಡಗುತ್ತದೆ. ಆಮೇಲೆ ನಿಧಾನ ಮಾಡುತ್ತಾ ಹೊರಗೆಳೆಯುತ್ತಾರೆ, ನಡುವಿನಿಂದ ಅಂಚಿನ ಕಡೆಗೆ ಬಂದ ಹಾಗೆ ಬೀಜ ಹೆಚ್ಚು ಹೆಚ್ಚು ಸಿಗಲಿ ಅಂತ. ಚೀಲದ ತೂತಿಗೆ ಸ್ಟಿಕ್ಕರ್. 60 ಚೀಲ ಮೀರಿದ ಲಾಟ್ ಆದರೆ ಕನಿಷ್ಠ 30 ಕಡೆಯಿಂದ ಹೀಗೆ ತೆಗೆಯಬೇಕು. ಆ ಮನುಷ್ಯ ನನ್ನ ರಾಶಿಯ ಹಿಂಬದಿಗೆ, ಗೋಡೆಗೆ ಒತ್ತಿಕೊಂಡಿದ್ದ ಚೀಲಗಳವರೆಗೂ ಹೋದರು. ಹಾದಿ ಇಲ್ಲ ಅಂದಿದ್ದಕ್ಕೆ, "ಹಾಗಾದರೆ ಹಾದಿ ಮಾಡಿ, ನಾನು ಕಾಯುತ್ತೇನೆ" ಅಂದರು. ಕೂಲಿಯವರು ಬೈದುಕೊಂಡು ಚೀಲ ಸರಿಸಿದರು. ಈಗ ನಾನು ಮೊದಲೇ ಸಂದಿ ಬಿಟ್ಟು ಪೇರಿಸುತ್ತೇನೆ.

ಈ ಕೊಳವೆಗೆ ನೊಬ್ಬೆ ಅನ್ನುವವರ ಹೆಸರಿದೆ. ಫ್ರೀಡ್ರಿಶ್ ನೊಬ್ಬೆ, ಜರ್ಮನಿಯ ಥಾರಾಂಟ್‌ನಲ್ಲಿ 1869ರಲ್ಲಿ ಮೊದಲ ಬೀಜ ಪರೀಕ್ಷಾ ಕೇಂದ್ರ ಶುರು ಮಾಡಿದವರು. ಆ ಕಾಲದ ಯುರೋಪಿನಲ್ಲಿ ಕಲ್ಲು ಪುಡಿ ಮಾಡಿ, ಬಣ್ಣ ಹಾಕಿ, ಮೇವಿನ ಬೀಜಕ್ಕೆ ಬೆರೆಸಿ ಮಾರುತ್ತಿದ್ದರಂತೆ. ಅದರ ಮುಂದೆ ನನ್ನ ಹುಲ್ಲಿನ ಬೀಜ ಪುಣ್ಯವಂತ ಕಲಬೆರಕೆ ಅಂತ ಸಮಾಧಾನ ಮಾಡಿಕೊಂಡೆ.

ಮಾದರಿ ಯಾಕೆ ಇಷ್ಟು ಮುಖ್ಯ ಅನ್ನುವುದಕ್ಕೆ ಒಂದು ಲೆಕ್ಕ. ಅಂತಾರಾಷ್ಟ್ರೀಯ ಬೀಜ ಪರೀಕ್ಷಾ ಸಂಘ, ಅಂದರೆ ಇಸ್ಟಾ, 1924ರಲ್ಲಿ ಹುಟ್ಟಿದ್ದು. ಅದರ ನಿಯಮದ ಪ್ರಕಾರ ಮುಸುಕಿನ ಜೋಳದ ಒಂದು ಲಾಟ್ 40,000 ಕೆ.ಜಿ.ವರೆಗೆ ಇರಬಹುದು. ಅದರಿಂದ ಲ್ಯಾಬ್‌ಗೆ ಹೋಗಬೇಕಾದ ಮಾದರಿ 1 ಕೆ.ಜಿ. ಅದರೊಳಗಿಂದ ಮೊಳಕೆಗೆ ಇಡುವುದು 400 ಕಾಳು. ನಲವತ್ತು ಟನ್ನಿನ ಹಣೆಬರಹ ಎರಡು ಬೊಗಸೆಯಲ್ಲಿ ಕೂತಿರುತ್ತದೆ. ಆ ಬೊಗಸೆಯನ್ನು ಬಾಗಿಲ ಹತ್ತಿರದ ಚೀಲದಿಂದ ತೆಗೆಯುವುದಾ?

ತೇವಾಂಶದ ಮಾದರಿಯಲ್ಲೂ ಒಮ್ಮೆ ಎಡವಿದೆ. ಬಟ್ಟೆ ಚೀಲದಲ್ಲಿ ಹಾಕಿ ಕಳಿಸಿದೆ. ಮಳೆ ದಿನ, ದಾರಿಯಲ್ಲಿ ಎರಡು ರಾತ್ರಿ. ಬೀಜ ಗಾಳಿಯ ತೇವ ಹೀರಿಕೊಂಡಿತ್ತು. ತೇವಾಂಶಕ್ಕೆ ಹೋಗುವುದು ಗಾಳಿಯಾಡದ ಡಬ್ಬಿಯಲ್ಲಿ, ಕಂಠಮಟ್ಟ ತುಂಬಿ ಹೋಗಬೇಕು. ಮೊಳಕೆಗೆ ಹೋಗುವುದು ಉಸಿರಾಡುವ ಚೀಲದಲ್ಲಿ. ಎರಡನ್ನೂ ಬೇರೆ ಬೇರೆ ಕಟ್ಟಿ. ಈ ಮಾತನ್ನು ಲ್ಯಾಬ್‌ನವರು ತಮ್ಮ ಅರ್ಜಿ ನಮೂನೆಯಲ್ಲೇ ದಪ್ಪಕ್ಷರದಲ್ಲಿ ಹಾಕಬಹುದಿತ್ತು. ಹಾಕಿಲ್ಲ.

ಇನ್ನು ಮೊಳಕೆ. ನನಗೆ ಅತಿ ಹೆಚ್ಚು ಸಿಟ್ಟು ಬಂದಿದ್ದೂ ಇಲ್ಲೇ, ಅತಿ ಹೆಚ್ಚು ಕಲಿತದ್ದೂ ಇಲ್ಲೇ.

ಸೋಯಾ ಲಾಟ್ ಒಂದನ್ನು ಮನೆಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿದ್ದೆ. ನೂರಕ್ಕೆ 94. ಲ್ಯಾಬ್ ವರದಿ 82 ಅಂತ ಬಂತು. ಫೋನ್ ಮಾಡಿ ಜೋರು ಮಾಡಿದೆ. ಆ ಕಡೆ ಇದ್ದ ಪರೀಕ್ಷಕಿ ಮೇಡಂ ಜಗಳಕ್ಕೆ ಬರಲಿಲ್ಲ. "ಸಾರ್, ನಿಮಗೆ ಮೊಳಕೆ ಅಂದರೆ ಏನು?" ಅಂತ ಕೇಳಿದರು. ಬಿಳಿ ಬಾಲ ಹೊರಗೆ ಬಂದರೆ ಮೊಳಕೆ ಅಂದೆ. "ನಮಗೆ ಅದು ಸಾಲಲ್ಲ. ಆ ಸಸಿ ಮಣ್ಣಲ್ಲಿ ಗಿಡ ಆಗುವ ಹಾಗಿದೆಯಾ ಅಂತ ನೋಡುತ್ತೇವೆ."

ವರದಿಯನ್ನು ಮತ್ತೆ ಬಿಡಿಸಿ ನೋಡಿದೆ. ಸಹಜ ಸಸಿ 82, ಅಸಹಜ ಸಸಿ 10, ಸತ್ತ ಬೀಜ 8. ಮೊದಲ ಅಂಕಿ ಒಂದನ್ನೇ ನೋಡಿ ಮಡಿಚಿಟ್ಟಿದ್ದೆ. ಆ 10ರಲ್ಲೇ ಎಲ್ಲ ಕತೆ ಇತ್ತು. ಬೇರಿನ ತುದಿ ಮೊಂಡಾಗಿರುವುದು, ಕಾಂಡ ಸೀಳಿರುವುದು, ಬೇಳೆ ಮುರಿದಿರುವುದು. ಬೇಳೆಯಲ್ಲಿ ಕೆಲಸ ಮಾಡುವ ಭಾಗ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಆ ಸಸಿ ಸಹಜ ಅಲ್ಲ. ಮೇಡಂ ಮುಂದೆ ಹೇಳಿದ ಮಾತು ಶುಲ್ಕದ ಹತ್ತು ಪಟ್ಟು ಬೆಲೆ ಬಾಳುತ್ತದೆ: "ಇದು ರೋಗದ ಲಕ್ಷಣ ಅಲ್ಲ. ಏಟು ಬಿದ್ದ ಬೀಜ. ಒಕ್ಕಣೆ ಯಂತ್ರ ನೋಡಿ."

ನೋಡಿದೆ. ಡ್ರಮ್ ಜೋಳಕ್ಕೆ ಇಟ್ಟಿದ್ದ ವೇಗದಲ್ಲೇ ಸೋಯಾಕ್ಕೂ ಓಡಿತ್ತು. ಸೋಯಾದ ಸಿಪ್ಪೆ ಕಾಗದದ ಹಾಗೆ, ಬೇರಿನ ಮೂತಿ ಅದರ ಕೆಳಗೇ ಇರುತ್ತದೆ. ಜಾಸ್ತಿ ಒಣಗಿದ್ದರೆ ಇನ್ನೂ ಕೆಟ್ಟದು. ಮುಂದಿನ ಹಂಗಾಮು ವೇಗ ಇಳಿಸಿದೆ, ಎತ್ತರದಿಂದ ಸುರಿಯುವುದನ್ನು ನಿಲ್ಲಿಸಿದೆ. ಅಸಹಜ ಸಸಿ 4ಕ್ಕೆ ಇಳಿಯಿತು. ವರದಿ ಕೈಗೆ ಬಂದರೆ ಈಗ ಮೊದಲು ನೋಡುವುದು ಅಸಹಜದ ಕಾಲಂ. ಪಾಸೋ ಫೇಲೋ ಆಮೇಲೆ.

ಹಳೆಯ ಲ್ಯಾಬ್ ಬಿಟ್ಟಿದ್ದು ಇದಕ್ಕೇ. ಅವರು ಅಂಕಿ ಕೊಡುತ್ತಿದ್ದರು, ಕಾರಣ ಕೇಳಿದರೆ "ವರದಿಯಲ್ಲಿ ಇದೆಯಲ್ಲ" ಅನ್ನುತ್ತಿದ್ದರು.

ಎರಡು ಲ್ಯಾಬ್, ಎರಡು ಉತ್ತರ ಅನ್ನುವ ದೂರು ಎಲ್ಲರದ್ದೂ. ನನ್ನದೂ ಆಗಿತ್ತು. ಲ್ಯಾಬ್ ಬದಲಿಸುವ ವರ್ಷ ಒಂದೇ ಮಾದರಿಯನ್ನು ಎರಡು ಪಾಲು ಮಾಡಿ ಎರಡೂ ಕಡೆ ಕಳಿಸಿದೆ. ಒಂದು ಕಡೆ 91, ಇನ್ನೊಂದು ಕಡೆ 87. ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡೆ. ಯಾರೂ ಹೇಳುತ್ತಿರಲಿಲ್ಲ. ನಿಜವಾಗಿ 90 ಮೊಳೆಯುವ ಲಾಟ್‌ನಿಂದ 400 ಕಾಳು ತೆಗೆದು ಇಟ್ಟರೆ, ಕೆಲಸದಲ್ಲಿ ಒಂದು ತಪ್ಪೂ ಇಲ್ಲದಿದ್ದರೂ, 100ರಲ್ಲಿ 95 ಸಲ ಉತ್ತರ 87ರಿಂದ 93ರ ನಡುವೆ ಎಲ್ಲಾದರೂ ಬೀಳಬಹುದು. ಅದೇ ನನ್ನ ಹಾಗೆ ಮನೆಯಲ್ಲಿ 100 ಕಾಳು ಇಟ್ಟರೆ 84ರಿಂದ 96. ಅದಕ್ಕೇ ಲ್ಯಾಬ್‌ನವರು ನೂರು ನೂರರ ನಾಲ್ಕು ಗುಂಪು ಇಡುತ್ತಾರೆ, ಗುಂಪು ಗುಂಪಿನ ನಡುವಿನ ಅಂತರಕ್ಕೂ ಮಿತಿ ಇದೆ. ಸರಾಸರಿ 90 ಬಂದಾಗ ಅತಿ ಹೆಚ್ಚಿನ ಗುಂಪಿಗೂ ಅತಿ ಕಡಿಮೆಯದಕ್ಕೂ 12ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ಪರೀಕ್ಷೆಯನ್ನೇ ಮತ್ತೆ ಮಾಡಬೇಕು. ನಿಮ್ಮ ಲ್ಯಾಬ್ ನಾಲ್ಕೂ ಗುಂಪಿನ ಅಂಕಿ ತೋರಿಸುತ್ತದಾ ಅಂತ ಕೇಳಿ. ನಮ್ಮವರು ಕೇಳಿದರೆ ತೋರಿಸುತ್ತಾರೆ.

ಆದರೆ ಇದರ ಇನ್ನೊಂದು ಮುಖ ನೋಡಿ. ಕನಿಷ್ಠ 85 ಬೇಕು ಅಂತ ಒಪ್ಪಂದ ಇದ್ದು ನಿಮ್ಮ ವರದಿ 86 ಬಂದಿದ್ದರೆ ಖುಷಿಪಡಬೇಡಿ. ಮುಂದಿನ ಸಲ ಬೇರೆಯವರು ಇಟ್ಟಾಗ 83 ಬರಬಹುದು. ನಾನು ಗೆರೆಗಿಂತ ಐದು ಅಂಕ ಮೇಲಿಲ್ಲದ ಲಾಟ್ ಕಳಿಸುವುದಿಲ್ಲ.

ಭತ್ತದ್ದು ಬೇರೆಯೇ ರಗಳೆ. ಹೊಸ ಸುಗ್ಗಿಯ ಭತ್ತ ನಿದ್ದೆಯಲ್ಲಿರುತ್ತದೆ. ಒಮ್ಮೆ 61 ಬಂತು, ಎದೆ ಧಸಕ್ಕೆಂದಿತು. ಪಕ್ಕದ ಕಾಲಂನಲ್ಲಿ "ಮೊಳೆಯದ ತಾಜಾ ಬೀಜ 30" ಅಂತ ಇತ್ತು. ಸತ್ತಿಲ್ಲ, ಎದ್ದಿಲ್ಲ ಅಷ್ಟೇ. ಕೆಲವು ದಿನ 50 ಡಿಗ್ರಿ ಬಿಸಿಯಲ್ಲಿಟ್ಟು ಮತ್ತೆ ಪರೀಕ್ಷೆ ಮಾಡಿದಾಗ 90 ದಾಟಿತು. ಒಳ್ಳೆಯ ಲ್ಯಾಬ್ ಇದನ್ನು ತಾನಾಗಿಯೇ ಮಾಡುತ್ತದೆ. ಅರ್ಜಿಯಲ್ಲಿ ಕೊಯ್ಲಿನ ತಾರೀಖು ಬರೆದಿರಿ, ಅವರಿಗೂ ಸುಳಿವು ಸಿಗಲಿ.

ಸಮಯದ ಬಗ್ಗೆ ಎಲ್ಲರೂ ಬೈಯುತ್ತಾರೆ. ಅರ್ಧ ಬೈಗುಳ ಸುಮ್ನೆ. ಮುಸುಕಿನ ಜೋಳಕ್ಕೆ 7 ದಿನ, ಗೋಧಿ, ಸೋಯಾಕ್ಕೆ 8, ಭತ್ತಕ್ಕೆ 14. ಬೀಜ ಮೊಳೆಯಲು ಬೇಕಾದ ಕಾಲ ಅದು, ಶುಲ್ಕ ಎರಡರಷ್ಟು ಕೊಟ್ಟರೂ ಬೇಗ ಮೊಳೆಯದು. ಅವಸರವಿದ್ದರೆ ಟೆಟ್ರಜೋಲಿಯಂ ಪರೀಕ್ಷೆ ಇದೆ. ನೆನೆಸಿ ಸೀಳಿದ ಬೀಜವನ್ನು ಬಣ್ಣವಿಲ್ಲದ ದ್ರಾವಣದಲ್ಲಿ ಇಡುತ್ತಾರೆ, ಜೀವ ಇರುವ ಭಾಗ ಕೆಂಪಾಗುತ್ತದೆ. ಒಂದೆರಡು ದಿನದಲ್ಲಿ ಉತ್ತರ. ಸಂಸ್ಕರಣೆಗೆ ಹಾಕುವ ಮೊದಲು ಲಾಟ್ ಉಳಿಸಿಕೊಳ್ಳಬೇಕೋ ಬೇಡವೋ ಅಂತ ತೀರ್ಮಾನಿಸಲು ನಾನು ಇದನ್ನೇ ಮಾಡಿಸುತ್ತೇನೆ. ಆದರೆ ಅಸಹಜ ಸಸಿ ತರುವ ಬೂಜು, ಔಷಧದ ಪೆಟ್ಟು ಇದರಲ್ಲಿ ಸರಿಯಾಗಿ ಕಾಣುವುದಿಲ್ಲ. ಮೊಳಕೆ ಪರೀಕ್ಷೆಗೆ ಬದಲಿ ಅಂತ ಯಾರಾದರೂ ಮಾರಿದರೆ ಕೊಳ್ಳಬೇಡಿ.

ಉಳಿದ ಅರ್ಧ ಬೈಗುಳ ನ್ಯಾಯವೇ. ಹಂಗಾಮಿನಲ್ಲಿ ಮಾದರಿ ತಲುಪಿದ ಮೇಲೂ ಆರೇಳು ದಿನ ಕಪಾಟಿನಲ್ಲೇ ಕೂತಿರುತ್ತದೆ. ವರದಿಯಲ್ಲಿ "ತಲುಪಿದ ದಿನ" ಮತ್ತು "ಪರೀಕ್ಷೆ ಮುಗಿದ ದಿನ" ಎರಡೂ ಇರುತ್ತವೆ. ಕಳೆದು ನೋಡಿ, ಗೊತ್ತಾಗುತ್ತದೆ.

ಮೊಳಕೆಯ ಅಂಕಿ ಹೇಳದ ಒಂದು ವಿಷಯ ಕಸುವು, ಅಂದರೆ ಕಷ್ಟದಲ್ಲೂ ಮೊಳೆಯುವ ತಾಕತ್ತು. ಐದನೇ ಹಂಗಾಮಿನಲ್ಲಿ ಎರಡು ಸೋಯಾ ಲಾಟ್, ಎರಡೂ 86. ಅದೇ ಮೇಡಂ ಹೇಳಿದ್ದಕ್ಕೆ ಕಸುವಿನ ಪರೀಕ್ಷೆಗೂ ಕೊಟ್ಟೆ. 41 ಡಿಗ್ರಿ ಶಾಖ, ನೀರಿನ ಮೇಲೆ ಜಾಲರಿ, ಮುಚ್ಚಿದ ಡಬ್ಬಿ, 72 ಗಂಟೆ. ಬೀಜಕ್ಕೆ ಬೇಗ ಬೇಗ ಮುಪ್ಪು ಬರಿಸಿ, ಆಮೇಲೆ ಮೊಳಕೆಗೆ ಇಡುವುದು. ಒಂದು ಲಾಟ್ 78ರಲ್ಲಿ ನಿಂತಿತು. ಇನ್ನೊಂದು 49ಕ್ಕೆ ಕುಸಿಯಿತು. ಕಾಗದದ ಮೇಲೆ ಅವಳಿಜವಳಿ, ಒಳಗೆ ಒಂದು ಗಟ್ಟಿ ಒಂದು ಪೊಳ್ಳು. ಎರಡನೆಯದನ್ನು ಬೀಜವಾಗಿ ಮಾರಲಿಲ್ಲ, ಎಣ್ಣೆ ಗಿರಣಿಗೆ ಹೋಯಿತು. ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ. ಲೇಬಲ್‌ಗೆ 86 ಸಾಕಿತ್ತು. ಕಸುವಿನ ಪರೀಕ್ಷೆ ಸಾಮಾನ್ಯವಾಗಿ ಯಾರೂ ಕಡ್ಡಾಯ ಮಾಡುವುದಿಲ್ಲ. ಸೋಯಾ ಅಥವಾ ಶೇಂಗಾ ಮಾಡುವವರು ನೀವೇ ಕೇಳಿ ಮಾಡಿಸಿ.

ಈಗ ಪ್ರಮಾಣೀಕರಣ. ಹೊಸಬರು ಇಲ್ಲಿ ಒಂದು ಗೊಂದಲ ಮಾಡಿಕೊಳ್ಳುತ್ತಾರೆ, ನಾನೂ ಮಾಡಿಕೊಂಡಿದ್ದೆ. ಲ್ಯಾಬ್ ವರದಿಯ "ಶುದ್ಧ ಬೀಜ 99%" ಅಂದರೆ ತಳಿ ಶುದ್ಧವಾಗಿದೆ ಅಂತಲ್ಲ. ಕಡ್ಡಿ, ಮಣ್ಣು, ಜಳ್ಳು, ಬೇರೆ ಬೆಳೆಯ ಬೀಜ ತೆಗೆದರೆ ಉಳಿದದ್ದು ಜೋಳವೇ ಅಂತ ಮಾತ್ರ. ಅರ್ಧಕ್ಕಿಂತ ದೊಡ್ಡ ಚೂರು ಕೂಡ ಶುದ್ಧ ಬೀಜದ ಲೆಕ್ಕಕ್ಕೇ ಬರುತ್ತದೆ. ಯಾವ ಜೋಳ, ನೀವು ಹೇಳಿದ ಹೈಬ್ರಿಡ್ಡೇ ಹೌದಾ ಅನ್ನುವುದಕ್ಕೆ ಹೊಲಕ್ಕೇ ಬರಬೇಕು, ಇಲ್ಲವೇ ಬೆಳೆಸಿ ನೋಡಬೇಕು, ಇಲ್ಲವೇ ಡಿಎನ್‌ಎ ಪರೀಕ್ಷೆ. ಕಾಳು ನೋಡಿ ಹೇಳುತ್ತೇನೆ ಅನ್ನುವವರ ಮಾತು ನಂಬಬೇಡಿ.

ಹೈಬ್ರಿಡ್ ಜೋಳದಲ್ಲಿ ಹೆಣ್ಣು ಸಾಲಿನ ಸೂಲಂಗಿಯನ್ನು, ಅಂದರೆ ಗಿಡದ ತುದಿಯ ಗಂಡು ಹೂಗೊಂಚಲನ್ನು, ಅದು ಪರಾಗದ ಪುಡಿ ಉದುರಿಸುವ ಮೊದಲೇ ಕಿತ್ತು ಹಾಕಬೇಕು, ಗಂಡು ಸಾಲಿನ ಪರಾಗ ಮಾತ್ರ ಬೀಳಬೇಕು. ಒಇಸಿಡಿ, ಅಂದರೆ ದೇಶ ದೇಶಗಳ ನಡುವೆ ಮಾರುವ ಬೀಜದ ಪ್ರಮಾಣೀಕರಣಕ್ಕೆ ನಿಯಮ ಮಾಡುವ ಅಂತಾರಾಷ್ಟ್ರೀಯ ಸಂಸ್ಥೆ, ಅದರ ಯೋಜನೆಯ ನಿಯಮದಲ್ಲಿ ಬೇರೆ ಜೋಳದಿಂದ 200 ಮೀಟರ್ ದೂರ. ಹೆಣ್ಣು ಗಿಡಗಳಲ್ಲಿ 5%ರಷ್ಟರ ತೆನೆ ಕೂದಲು ಪರಾಗ ಹಿಡಿಯಲು ಸಿದ್ಧವಾದ ಮೇಲೆ, ಪುಡಿ ಉದುರಿಸುವ ಹೆಣ್ಣು ಗಿಡ ಯಾವ ಒಂದು ತಪಾಸಣೆಯಲ್ಲೂ 1% ಮೀರಬಾರದು, ಎಲ್ಲ ತಪಾಸಣೆ ಸೇರಿ 2% ಮೀರಬಾರದು. ಅಂದರೆ ತಪಾಸಣೆಗೆ ಅರ್ಥ ಇರುವುದು ಆ ಕೆಲವೇ ದಿನಗಳಲ್ಲಿ.

ಏಳನೇ ಹಂಗಾಮಿನಲ್ಲಿ ನನ್ನ ಒಂದು ಹೊಲಕ್ಕೆ ತಪಾಸಕರು ಹೇಳಿದ ದಿನಕ್ಕಿಂತ ಆರು ದಿನ ತಡವಾಗಿ ಬಂದರು. ಅವರ ಕೈಯಲ್ಲಿ ಹೊಲಗಳು ಜಾಸ್ತಿ, ಜನ ಕಡಿಮೆ. ಅಷ್ಟರಲ್ಲಿ ತೆನೆ ಕೂದಲು ಕಂದಾಗಿ ಬಾಡಿತ್ತು. ಒಣಗಿದ ಸೂಲಂಗಿ ನೋಡಿ ಯಾರು ಏನು ಹೇಳಲು ಸಾಧ್ಯ? ಹೂ ಹಂತದ ತಪಾಸಣೆ ಆಗಿಲ್ಲ ಅಂತ ಆ ಹೊಲ ತಿರಸ್ಕೃತ. ನಿಯಮದ ಪ್ರಕಾರ ಅದು ಸರಿ. ಬಂದವರು ಸುಮ್ಮನೆ ಸಹಿ ಹಾಕಿದ್ದರೆ ನಾನೇ ಮುಂದೆ ಅವರನ್ನು ನಂಬುತ್ತಿರಲಿಲ್ಲ. ಆದರೆ ತಡ ಅವರದು, ನಷ್ಟ ನನ್ನದು. ತಪಾಸಣೆ ಶುಲ್ಕ ವಾಪಸ್ ಕೊಟ್ಟರು. ಬೆಳೆಸಿದ ರೈತನಿಗೆ ಒಪ್ಪಿಕೊಂಡಿದ್ದ ದರ ನಾನು ಕೊಟ್ಟೆ. ಮೂರು ನಕ್ಷತ್ರದ ಕಾರಣ ಇದು. ಈಗ ಬಿತ್ತನೆ ತಾರೀಖನ್ನೇ ಬೇರೆ ಬೇರೆ ಮಾಡಿಸುತ್ತೇನೆ, ಎಲ್ಲ ಹೊಲ ಒಂದೇ ವಾರ ಹೂ ಬಿಡದ ಹಾಗೆ. ಹೂ ಬರುವ ಹತ್ತು ದಿನ ಮೊದಲು ಬರಹದಲ್ಲಿ ತಿಳಿಸುತ್ತೇನೆ, ತಲುಪಿತು ಅನ್ನುವ ಉತ್ತರ ಬರುವವರೆಗೂ ಬಿಡುವುದಿಲ್ಲ.

ಹೊರದೇಶಕ್ಕೆ ಕಳಿಸುವವರಿಗೆ ಒಂದು ಮಾತು. ಇಸ್ಟಾ ಪ್ರಮಾಣಪತ್ರ ಎರಡು ಬಣ್ಣದ್ದು. ಕಿತ್ತಳೆ ಇಡೀ ಲಾಟ್‌ಗೆ ಸಂಬಂಧಿಸಿದ್ದು, ಅದಕ್ಕೆ ಮಾದರಿಯನ್ನು ಮಾನ್ಯತೆ ಇರುವವರೇ ತೆಗೆದಿರಬೇಕು. ನೀಲಿ ಬರೀ ಲ್ಯಾಬ್‌ಗೆ ಬಂದ ಮಾದರಿಗೆ. ನಾನು ಒಮ್ಮೆ ಖರ್ಚು ಉಳಿಸಲು ಹೋಗಿ ನಾನೇ ಮಾದರಿ ತೆಗೆದು ಕಳಿಸಿದೆ, ನೀಲಿ ಬಂತು, ಕೊಳ್ಳುವವರು ಒಪ್ಪಲಿಲ್ಲ. ಮತ್ತೆ ಮೊದಲಿನಿಂದ. ಒಇಸಿಡಿ ಲೇಬಲ್‌ಗಳ ಬಣ್ಣದ ಅರ್ಥವೂ ಬೇರೆ: ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಮೊದಲ ಪೀಳಿಗೆಗೆ ನೀಲಿ, ಎರಡನೆಯದಕ್ಕೆ ಕೆಂಪು. ಆ ನೀಲಿಗೂ ಈ ನೀಲಿಗೂ ಸಂಬಂಧವಿಲ್ಲ. ನಮ್ಮ ಹುಡುಗರು ಎರಡನ್ನೂ ಒಂದೇ ಫೈಲಿಗೆ ಹಾಕಿ ತಲೆ ತಿಂದಿದ್ದಾರೆ.

ಗ್ರಾಹಕ ಸೇವೆಗೆ ಎರಡೇ ನಕ್ಷತ್ರ ಯಾಕೆ ಅಂತ ಹೇಳಿಬಿಡುತ್ತೇನೆ. ಒಂದು ವರದಿಯಲ್ಲಿ ಲಾಟ್ ಸಂಖ್ಯೆಯ ಎರಡು ಅಂಕಿ ಅದಲು ಬದಲಾಗಿತ್ತು. ಚೀಲದ ಲೇಬಲ್‌ಗೂ ಪತ್ರಕ್ಕೂ ತಾಳೆಯಾಗದೆ ಮಾಲು ಒಂಬತ್ತು ದಿನ ನಿಂತಿತು. ತಿದ್ದಿದ ಪತ್ರಕ್ಕೆ ಎಂಟು ಫೋನ್, ಮೂರು ಮೇಲ್. ಒಳಗೆ ಬೀಜ ನೋಡುವ ಕಣ್ಣು ಅಷ್ಟು ಚುರುಕು, ಹೊರಗೆ ಟೈಪ್ ಮಾಡುವ ಕೈ ಇಷ್ಟು ಸಡಿಲ! ವರದಿ ಬಂದ ತಕ್ಷಣ ಲಾಟ್ ಸಂಖ್ಯೆ, ತಳಿ, ಚೀಲದ ಲೆಕ್ಕ ಮೂರನ್ನೂ ನೀವೇ ಓದಿ ನೋಡಿ.

ಇಷ್ಟೆಲ್ಲ ಆದರೂ ಲ್ಯಾಬ್ ಬದಲಿಸುತ್ತೀರಾ ಅಂದರೆ ಇಲ್ಲ. ಫೋನಿನಲ್ಲಿ ಯಂತ್ರ ನೋಡಿ ಅಂದ ಆ ಮೇಡಂ ಅಲ್ಲಿ ಇರುವವರೆಗೂ ಇಲ್ಲ.

ಈ ಸಲದ ಮೊದಲ ಸೋಯಾ ಲಾಟ್‌ನ ಮಾದರಿ ಮೊನ್ನೆ ತೆಗೆದುಕೊಂಡು ಹೋದರು, ಗೋಡೆ ಕಡೆಯ ಚೀಲಗಳನ್ನೂ ಬಿಡದೆ. ನಾನೂ ಹಳೆ ಚಟಕ್ಕೆ ನೂರು ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಅವರದಕ್ಕಿಂತ ನನ್ನದು ನಾಲ್ಕಾದರೂ ಜಾಸ್ತಿ ಬರುತ್ತದೆ, ನೋಡ್ತಿರಿ.